ಬೈರಮ್ಮ ಒಪ್ಪದ ಹೆಸರು

1979ರ ಮಾರ್ಚ್ 14, ಬೆಳಗ್ಗೆ ಒಂಬತ್ತೂವರೆಗೆ ತಮಿಳುನಾಡು ಗಡಿಯೊಳಗಿನ ತಳಿ ಠಾಣೆಗೆ ದೂರು ಬಂತು. ಗುಮ್ಮಳಾಪುರದ ಬಳಿಯ ಗುಡ್ಡದಲ್ಲಿ ಹಳೆಯ ಸಮಾಧಿಗಳನ್ನು ಅಗೆಸುತ್ತಿದ್ದ ಪುರಾತತ್ವ ಇಲಾಖೆಯ ಮೇಲ್ವಿಚಾರಕ ಲಕ್ಷ್ಮೀಪತಿ ತಾವೇ ಬಂದಿದ್ದರು. ಎರಡು ಸಾವಿರ ವರ್ಷ ಹಿಂದಿನದೆಂದು ಅಂದಾಜಿಸಿದ್ದ ಕಬ್ಬಿಣದ ವಸ್ತುವೊಂದು ಡೇರೆಯಿಂದ ಕಾಣೆಯಾಗಿತ್ತು. ಇನ್‌ಸ್ಪೆಕ್ಟರ್ ಅಶ್ವತ್ಥಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಹನುಮಯ್ಯನೊಂದಿಗೆ ಜೀಪು ಹತ್ತಿದರು.

ಹನ್ನೊಂದಕ್ಕೆ ಡೇರೆಯಲ್ಲಿ ಪಂಚನಾಮೆ. ಅಗೆದು ತೆಗೆದ ವಸ್ತುಗಳನ್ನಿಟ್ಟಿದ್ದ ಪೆಟ್ಟಿಗೆಗೆ ಬೀಗವಿರಲಿಲ್ಲ. ಕೆಂಪು ಮಣಿಗಳು, ತಾಮ್ರದ ಬಳೆ ಹಾಗೇ ಇದ್ದವು. ಹನುಮಯ್ಯ ವಸ್ತುಗಳ ಪಟ್ಟಿ ತಿರುವಿದ. ಒಂದು ಕಡೆ ‘ಕುಡುಗೋಲು’ ಎಂಬುದನ್ನು ಹೊಡೆದುಹಾಕಿ ‘ಅರಸನ ಕತ್ತಿಯ ತುಂಡು’ ಎಂದು ಬರೆದಿತ್ತು.

“ಇದನ್ನ ತಿದ್ದಿದ್ದು ಯಾರು?” ಅಶ್ವತ್ಥಪ್ಪ ಕೇಳಿದರು.

“ನಾನೇ ಸಾರ್,” ಎಂದರು ಲಕ್ಷ್ಮೀಪತಿ. “ಪಂಚಾಯತಿ ಅಧ್ಯಕ್ಷರ ಒತ್ತಾಯ. ಗುಡ್ಡ ತಮ್ಮ ವಂಶದ ಅರಸರದ್ದಂತೆ. ಕೆಳಗಿರೋ ಕಮ್ಮಾರರು ನಿನ್ನೆ ಮೊನ್ನೆ ಬಂದವರು, ಜಾಗ ಬಿಡ್ಲಿ ಅಂತಾರೆ.”

“ಯಾರೂ ತಕರಾರು ಮಾಡ್ಲಿಲ್ವಾ?”

“ಅದನ್ನ ಅಗೆದು ತೆಗೆದ ಬೈರಮ್ಮ ನಿನ್ನೆ ಜಗಳ ಆಡಿದಳು. ಕಮ್ಮಾರರ ಮನೆಯವಳು. ಇವತ್ತು ಕೂಲಿಗೆ ಬಂದಿಲ್ಲ.”

ಹನ್ನೆರಡೂವರೆಗೆ ಬೈರಮ್ಮ ಮನೆ ಮುಂದಿನ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದಳು. ಐವತ್ತು ದಾಟಿದ ವಿಧವೆ. ಪೊಲೀಸರನ್ನು, ಅವರ ಜೊತೆ ಬಂದ ಲಕ್ಷ್ಮೀಪತಿಯನ್ನು ಕಂಡರೂ ಏಳಲಿಲ್ಲ.

“ವಸ್ತು ಎಲ್ಲಮ್ಮಾ?” ಅಶ್ವತ್ಥಪ್ಪ ಕೇಳಿದರು.

“ನನ್ತಾವೇ ಐತೆ. ಯಾಕೆ ಸುಳ್ಳೇಳ್ಲಿ?”

ಅಟ್ಟದಿಂದ ಬಟ್ಟೆಯ ಗಂಟು ಇಳಿಸಿದಳು. ತುಕ್ಕು ಹಿಡಿದದ್ದನ್ನು ತಾನು ಬಡಿದ ಕುಡುಗೋಲಿನ ಪಕ್ಕ ಇಟ್ಟಳು. ಅದೇ ಬಾಗು, ಹಿಡಿಗೆ ತೂರಿಸುವ ಅದೇ ಮೊನೆ.

“ನೋಡಿ ಸಾಮಿ. ಇದ್ರಾಗೆ ಯಾವ ಅರಸ ಯುದ್ಧ ಮಾಡ್ದ? ಪೈರು ಕುಯ್ಯಾಕೆ ನಮ್ಮಂತೋರು ಬಡ್ದಿದ್ದು. ಇದನ್ನೂ ಕತ್ತಿ ಮಾಡ್ಬುಟ್ರೆ ನಾವು ಇಲ್ಲಿ ಇರ್ಲೇ ಇಲ್ಲ ಅಂತಾಯ್ತದೆ.”

“ತಪ್ಪಾಯ್ತು ಅಂದ್ಬಿಡಮ್ಮಾ. ದೂರು ವಾಪಸ್ ತಗೊಳ್ಳೋಕೆ ಇವರಿಗೆ ಹೇಳ್ತೀನಿ.”

“ವಸ್ತು ಕೊಡ್ತೀನಿ. ತಪ್ಪಾಯ್ತು ಅನ್ನಕಿಲ್ಲ.”

ಹನುಮಯ್ಯ ತಮಿಳಿನಲ್ಲಿ ಜಪ್ತಿ ಪಟ್ಟಿ ಬರೆದು ಮುಂದೆ ಹಿಡಿದ. ಓದು ಬಾರದ ಬೈರಮ್ಮ ಹೆಬ್ಬೆಟ್ಟು ಒತ್ತದೆ ಕೈ ಹಿಂದಕ್ಕೆಳೆದುಕೊಂಡಳು.

“ಏನಂತ ಬರ್ದಿದ್ದೀಯ, ಓದು.”

ಹನುಮಯ್ಯ ದೂರಿನಲ್ಲಿದ್ದ ಮಾತನ್ನೇ ಇಳಿಸಿದ್ದ: ಕತ್ತಿಯ ತುಂಡು.

“ನನ್ ಕೈ ಕಡುದ್ರೂ ಒತ್ತಕಿಲ್ಲ.”

ಅಶ್ವತ್ಥಪ್ಪ ಎರಡು ಕುಡುಗೋಲುಗಳನ್ನೂ ಒಮ್ಮೆ ನೋಡಿದರು. ಹಾಳೆ ಹರಿದು, ಹೊಸದನ್ನು ತಾವೇ ಬರೆದು, ಗಟ್ಟಿಯಾಗಿ ಓದಿದರು: “ಇರುಂಬು ಅರುವಾಳ್, ಒಂದು.” ಅಂದರೆ ಕಬ್ಬಿಣದ ಕುಡುಗೋಲು. ಸಾಕ್ಷಿಯ ಸಹಿಗೆಂದು ಲಕ್ಷ್ಮೀಪತಿಯ ಕೈಗೆ ಪೆನ್ನು ಕೊಟ್ಟರು. ಅವರು ತಡೆದು ನಿಂತು, ಕೊನೆಗೆ ಸಹಿ ಹಾಕಿದರು. ಆಮೇಲೆ ಬೈರಮ್ಮ ಹೆಬ್ಬೆಟ್ಟು ಒತ್ತಿದಳು.

ಒಂದೂ ಇಪ್ಪತ್ತಕ್ಕೆ ಬಂಧನ. ಯಾರೂ ಕೈ ಹಿಡಿಯುವ ಮೊದಲೇ ಆಕೆ ಜೀಪು ಹತ್ತಿ ಕೂತಳು. ಅಂದು ಸಂಜೆ ಅಶ್ವತ್ಥಪ್ಪ ಕೇಸ್ ಡೈರಿಯಲ್ಲಿ ಬರೆದರು: ಮಾರುವ ಉದ್ದೇಶವಿರಲಿಲ್ಲ. ತನ್ನವರ ದುಡಿಮೆಯನ್ನು ಬೇರೆಯವರ ಹೆಸರಿಗೆ ಬರೆದದ್ದನ್ನು ಆಕೆ ಒಪ್ಪಲಿಲ್ಲ.