ಹದಿನಾಲ್ಕು ಮನೆ ಸರಿದ ದಿಬ್ಬಗಳು

"ಸಂಜೆ ಐದಕ್ಕೆ ನನ್ನನ್ನ ಪ್ರಯೋಗದಿಂದ ತೆಗೆದುಹಾಕ್ತಾರೆ," ಎನ್ನುತ್ತ ಹುಡುಗಿ ಗ್ರಾಫಿನ ಹಾಳೆಯನ್ನು ನಮ್ಮ ಮೇಜಿನ ಮೇಲಿಟ್ಟಳು. "ಅಳತೆ ತಿದ್ದಿದ್ದು ನಾನೇ ಅಂತೆ. ನಮ್ಮ ತಂಡದ ಸಾರ್ ಪತ್ರಕ್ಕೆ ಸಹಿನೂ ಹಾಕಿದ್ದಾರೆ."

ಸೋಡಾಬುಡ್ಡಿ ಮೇಡಂ ಕನ್ನಡಕ ಏರಿಸಿದರು. ಅವರು ಪ್ರಯೋಗಾಲಯದ ಗ್ರಂಥಪಾಲಕಿ. ಯಾವ ಗುಟ್ಟೂ ಅವರ ಮುಂದೆ ಹೆಚ್ಚು ಹೊತ್ತು ಬಾಳುತ್ತಿರಲಿಲ್ಲ. ಪುಸ್ತಕಗಳ ಧೂಳು ಹೊಡೆಯುವವನು ನಾನು. ನೆಲದಡಿ ಕಣಗಳನ್ನು ಓಡಿಸುವ ದೊಡ್ಡ ಉಂಗುರದ ಗುಂಯ್‌ಗುಟ್ಟುವಿಕೆಗೆ ನಮ್ಮ ಮಧ್ಯಾಹ್ನಗಳೆಲ್ಲ ಅರೆನಿದ್ದೆಯಲ್ಲೇ ಕಳೆಯುತ್ತಿದ್ದವು. ಕಿಟಕಿಯಾಚೆ ಮಂಜಿನಲ್ಲಿ ಜನ ತೇಲಿಹೋಗುವಂತೆ ಕಾಣುತ್ತಿದ್ದರು.

ಆ ಉಂಗುರದಲ್ಲಿ ಕಣಗಳು ಡಿಕ್ಕಿ ಹೊಡೆದಾಗ ಕ್ವಾರ್ಕುಗಳೆಂಬ ಭಾರವಾದ ಕಿರುಕಣಗಳ ಜೋಡಿ ಹುಟ್ಟುತ್ತದೆ. ಅದು ಶಕ್ತಿಯ ಒಂದು ಮೆಟ್ಟಿಲು ಕೆಳಗಿಳಿಯುವಾಗ ಬೆಳಕಿನ ಕಣವೊಂದನ್ನು ಬಿಡುತ್ತದೆ. ಸ್ಫಟಿಕಗಳು ಅದರ ಶಕ್ತಿಯನ್ನು ಅಳೆದರೆ ಗ್ರಾಫಿನಲ್ಲಿ ದಿಬ್ಬ ಏಳುತ್ತದೆ. ಎರಡು ದಿಬ್ಬಗಳ ಜಾಗ ಲೋಕಕ್ಕೇ ಗೊತ್ತು. ಮೂರನೆಯದು ಹೊಸದು, ಈ ಹುಡುಗಿಯ ನಾಲ್ಕು ವರ್ಷದ ದುಡಿಮೆ.

ಬೇಕಾದ ಉತ್ತರದ ಕಡೆ ಮನಸ್ಸು ವಾಲಬಾರದೆಂದು ಅಳತೆಗಳಿಗೆಲ್ಲ ಗುಟ್ಟಿನ ಸಂಖ್ಯೆಯೊಂದನ್ನು ಕೂಡಿಸಿಟ್ಟು, ಕೊನೆಯ ದಿನ ಕಳೆಯುವುದು ಅವರ ಪದ್ಧತಿ. ಸಂಖ್ಯೆಯ ಲಕೋಟೆ ಇದ್ದದ್ದು ತಂಡದ ಮುಖ್ಯಸ್ಥರ ಬಳಿ. ಅವರು ಹುಡುಗಿಯ ದೊಡ್ಡಪ್ಪನೇ. ಹಿಂದಿನ ದಿನ ಅವರೇ ಆ ಸಂಖ್ಯೆಯನ್ನು ಕಳೆದದ್ದಾಯಿತು. ಆದರೂ ಗೊತ್ತಿದ್ದ ಎರಡೂ ದಿಬ್ಬಗಳು ಗ್ರಾಫಿನ ಹದಿನಾಲ್ಕು ಮನೆ ಬಲಕ್ಕೆ ನಿಂತಿದ್ದವು.

"ಸ್ಫಟಿಕ ನೋಡಿಕೊಳ್ಳೋರು ಏನಂತಾರೆ?" ಎಂದು ಮೇಡಂ ಕೇಳಿದರು.

"ಅವರದೇನೂ ತಪ್ಪಿಲ್ವಂತೆ."

ಅಷ್ಟರಲ್ಲಿ ಮುಖ್ಯಸ್ಥರೇ ಪುಸ್ತಕಕ್ಕೆಂದು ಬಂದರು. ಹುಡುಗಿಯ ಕಡೆ ನೋಡಲಿಲ್ಲ. ಕಪಾಟಿನ ಬೀಗ ತೆಗೆಯಲು ಹೋಗಿ, ಹಾಕುವ ದಿಕ್ಕಿಗೇ ಕೀಲಿಯನ್ನು ಇನ್ನೊಂದು ಸುತ್ತು ತಿರುಗಿಸಿದರು.

"ಮೂರು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ," ಎಂದು ಗೊಣಗಿದರು.

ಐದಕ್ಕೆ ತಂಡದವರೆಲ್ಲ ಸಭೆ ಸೇರಿದರು. ಹುಡುಗಿಯ ಜೊತೆ ಮೇಡಂ ಮತ್ತು ನಾನೂ ಹೋದೆವು.

"ಸ್ಫಟಿಕ ಕೆಟ್ಟಿದ್ರೆ ರಬ್ಬರ್ ಎಳೆದ ಹಾಗೆ ದೂರದ ದಿಬ್ಬ ಹೆಚ್ಚು ಸರೀಬೇಕಿತ್ತು," ಎಂದರು ಮೇಡಂ. "ಎರಡೂ ಸಮವಾಗಿ ಸರಿದಿವೆ. ಅಂದ್ರೆ ಯಾರೋ ಒಂದೇ ಸಂಖ್ಯೆ ಕೂಡಿಸಿದ್ದಾರೆ. ಈ ಹುಡುಗಿ ಮೋಸ ಮಾಡೋದಾದ್ರೆ ತನ್ನ ದಿಬ್ಬ ಮಾತ್ರ ಸರಿಸ್ತಿದ್ಲು. ಊರಿಗೆಲ್ಲ ಗೊತ್ತಿರೋದನ್ನ ಸರಿಸಿ ಸಿಕ್ಕಿಬೀಳೋಷ್ಟು ಪೆದ್ದಿನಾ? ಲಕೋಟೆ ತೋರಿಸಿ ಸಾರ್."

ಒಳಗಿದ್ದದ್ದು ಏಳು.

"ಏಳೆರಡ್ಲಿ ಹದಿನಾಲ್ಕು. ಕಳೆಯೋ ಬದಲು ನೀವು ಇನ್ನೊಂದು ಸಲ ಕೂಡಿಸಿದ್ದೀರಿ. ಮಧ್ಯಾಹ್ನ ನಮ್ಮ ಬೀಗಕ್ಕೂ ಹೀಗೇ ಮಾಡಿದ್ರಿ."

ಮುಖ್ಯಸ್ಥರ ಮುಖ ಬಿಳುಚಿಕೊಂಡಿತು. "ತಮ್ಮನ ಮಗಳ ಪಕ್ಷ ವಹಿಸ್ತೀನಿ ಅಂತಾರೇನೋ ಅನ್ನೋ ಭಯಕ್ಕೆ ಇವಳನ್ನೇ ಅನುಮಾನಿಸಿದೆ. ನನ್ನ ಕೆಲಸ ತಿರುಗಿ ನೋಡ್ಲಿಲ್ಲ." ಪತ್ರವನ್ನು ಹರಿದು ಕುರ್ಚಿ ಬಿಟ್ಟೆದ್ದರು. "ನೀನೇ ಕಳಿ, ಮಗಳೇ."

ಹುಡುಗಿ ಕಂಪ್ಯೂಟರಿನ ಮುಂದೆ ಕೂತು ಹದಿನಾಲ್ಕನ್ನು ಕಳೆದಳು. ಎರಡು ದಿಬ್ಬಗಳು ಕನಸಿನಲ್ಲಿ ನಡೆದಂತೆ ತಮ್ಮ ಜಾಗಕ್ಕೆ ಸರಿದವು. ಪಕ್ಕದಲ್ಲಿ ಮೂರನೆಯದೂ ಅಷ್ಟೇ ಸರಿದು, ಯಾರೂ ಹಿಂದೆ ಕಂಡಿರದ ಜಾಗದಲ್ಲಿ, ಸುಮ್ಮನೆ ನಿಂತಿತು.

ನಾಲ್ಕು ವರ್ಷವೂ ಆ ಕಟ್ಟಡದೊಳಗೆ ಅವರನ್ನು "ಸಾರ್" ಎಂದೇ ಕರೆಯುತ್ತಿದ್ದವಳು ತಿರುಗಿ ನೋಡಿದಳು.

"ಸರಿಯಾಗಿದೆಯಾ ನೋಡಿ, ದೊಡ್ಡಪ್ಪ," ಎಂದಳು.