ಗೂಬೆ ಆಂಟಿಯ ಚೀಟಿ ಕಟ್ಟು

"ಎಳೀಬೇಡ ಕಣೇ, ಕೈ ಕಿತ್ತು ಬರುತ್ತೆ!"

ಅಕ್ಕನ ಕೈ ಕಿಟಕಿಯ ಸರಳುಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ತಂಗಿ ಹಿಂದಿನಿಂದ ಅವಳ ಫ್ರಾಕ್ ಹಿಡಿದು ಎಳೆಯುತ್ತಿದ್ದಳು.

ಯಾರ ಮನೆಯ ಕಿಟಕಿ ಅಂತೀರಾ? ಗೂಬೆ ಆಂಟಿಯದು. ಮೆಟ್ಟಿಲಿಗೆ ಅಂಟಿಕೊಂಡ ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಹೆಂಗಸು. ಬಂದು ಎರಡು ವರ್ಷವಾದರೂ ಒಬ್ಬ ನೆಂಟರೂ ಬಂದದ್ದಿಲ್ಲ. ಬಾಗಿಲು ಹಾಕಿಕೊಂಡು, ದಪ್ಪ ಕನ್ನಡಕ ಏರಿಸಿಕೊಂಡು, ದಿನವಿಡೀ ಏನೋ ಬರೆಯುತ್ತಾ ಕೂತಿರುತ್ತಿದ್ದರು. ಅಡ್ಡಹೆಸರು ಇಡೋಕೆ ಇಷ್ಟು ಸಾಲದೇ? ಇಟ್ಟವಳು ಅಕ್ಕ. ಬಿಲ್ಡಿಂಗಿನ ದೊಡ್ಡವರೂ ಅದೇ ಹೆಸರು ಹೇಳುತ್ತಿದ್ದರು. ದೊಡ್ಡವರಲ್ಲವೇ, ಅದಕ್ಕೇ ಪಿಸುಮಾತಿನಲ್ಲಿ.

ಅಕ್ಕನಿಗೆ ಹತ್ತು ವರ್ಷ. ಒಂದು ತಿಂಗಳಿಂದ ಅವಳು ಪತ್ತೇದಾರಿ. ಕ್ಲಾಸಿನಲ್ಲಿ ಕಳೆದ ತನ್ನ ರಬ್ಬರ್ ಎಲ್ಲಿದೆ ಅಂತ ಇನ್ನೂ ಪತ್ತೆಯಾಗಿರಲಿಲ್ಲ. ಇರಲಿ, ಅದು ಸಣ್ಣ ಕೇಸು.

"ಬಂತು!"

ಕೈ ಹೊರಗೆ ಬಂತು. ಮೊಣಕೈ ತರಚಿತ್ತು, ತುಕ್ಕು ಮೆತ್ತಿತ್ತು. ಆದರೆ ಮುಷ್ಟಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು ಇತ್ತು. ಇಬ್ಬರೂ ಮೆಟ್ಟಿಲ ಕೆಳಗೆ ನುಸುಳಿ ಮೊದಲ ಚೀಟಿ ಓದಿದರು.

*ಹೊಡೆ. ಸಾಯಿಸು. "ಒಂದೇ ಏಟಿಗೆ ಹೊಡೆದೆ. ಕಸದ ಬುಟ್ಟಿಗೆ ಹಾಕಿ ಕೈ ತೊಳ್ಕೊಂಡೆ."*

ತಂಗಿ ಬಾಯಿ ತೆರೆದವಳು ಮುಚ್ಚಲಿಲ್ಲ. "ಯಾರನ್ನೇ ಹೊಡೆದಿದ್ದು?"

"ನೆಂಟರನ್ನ! ಒಬ್ಬರೂ ಬರಲ್ಲ ಅಂದ್ಕೊಂಡಿದ್ವಲ್ಲ? ಬಂದೋರು ವಾಪಸ್ ಹೋಗಿದ್ರೆ ತಾನೇ ನಮಗೆ ಕಾಣೋದು!"

ಎರಡನೇ ಚೀಟಿ ಓದಬಹುದಿತ್ತು. ಒಂದರಲ್ಲೇ ಕೇಸು ಮುಗಿಯುವಾಗ ಎರಡನೆಯದು ಯಾಕೆ? ಇಬ್ಬರೂ ಏದುಸಿರು ಬಿಡುತ್ತಾ ತಾರಸಿಗೆ ಓಡಿದರು.

ತಾರಸಿಯಲ್ಲಿ ಅಮ್ಮ ಮತ್ತು ಸೆಕ್ರೆಟರಿ ಆಂಟಿ ಬಟ್ಟೆ ಒಣಹಾಕುತ್ತಿದ್ದರು. ಬಿಲ್ಡಿಂಗಿನ ಸೆಕ್ರೆಟರಿ ಅಂಕಲ್ ನೀರಿನ ಟ್ಯಾಂಕಿಗೆ ಬುದ್ಧಿ ಹೇಳುವವರ ಹಾಗೆ ಅದರ ಮುಂದೆ ನಿಂತಿದ್ದರು.

"ಕೊಲೆ ಅಂಕಲ್! ಗೂಬೆ ಆಂಟಿ ಬರೆದಿಟ್ಟಿದ್ದಾರೆ!"

ಅಂಕಲ್ ಕಟ್ಟು ಕಸಿದುಕೊಂಡರು. "ಎಲ್ಲಿ ಸಿಕ್ತು ಇದು?"

"ಅವರ ಬಾಗಿಲ ಹತ್ರ ಬಿದ್ದಿತ್ತು," ಅಂದಳು ಅಕ್ಕ. ತರಚಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಅಂಕಲ್ ಗಂಟಲು ಸರಿಮಾಡಿಕೊಂಡು ಮೊದಲ ಚೀಟಿ ಓದಿದರು. ಸೆಕ್ರೆಟರಿ ಆಂಟಿ, "ಅಯ್ಯೋ, ಇದು ನನ್ನ ಜಿರಳೆ ಅಲ್ವಾ!" ಅಂದರು. "ಮೊನ್ನೆ ಮೆಟ್ಟಿಲಲ್ಲಿ ನಿಮಗೆ ಹೇಳ್ತಿದ್ನಲ್ಲ, ಒಂದೇ ಏಟಿಗೆ ಅಂತ!"

"ಹೌದು ಕಣ್ರೀ," ಅಂದರು ಅಮ್ಮ.

ಅಂಕಲ್ ಮುಂದಿನದು ತೆಗೆದರು. *"ಗೊರಕೆ ಹೊಡೆ. 'ನಮ್ಮನೆಯವರು ಗೊರಕೆ ಹೊಡೆದ್ರೆ ಅಡುಗೆಮನೆ ಪಾತ್ರೆ ಅಲ್ಲಾಡುತ್ತೆ.'"* ಓದಿ, ಹೆಂಡತಿಯ ಕಡೆ ತಿರುಗಿದರು. ಸೆಕ್ರೆಟರಿ ಆಂಟಿ ಒಂದು ಟವೆಲನ್ನು ನಾಲ್ಕು ಸಲ ಕೊಡವಿದರು.

*"ಬುರುಡೆ ಹೊಡೆ. 'ಜ್ವರ ಅಂತ ಆಫೀಸಿಗೆ ಬುರುಡೆ ಹೊಡೆದು ಮನೇಲಿ ಮ್ಯಾಚ್...'"* ಅಂಕಲ್ ದನಿ ಅರ್ಧಕ್ಕೇ ನಿಂತಿತು. "ಇದ್ಯಾರೋ ಬೇರೆಯವರು," ಅಂದರು.

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಂಕಲ್ ಉರಿದುಕೊಂಡು ಮುಂದಿನದನ್ನು ಅಮ್ಮನ ಕೈಗೇ ಕೊಟ್ಟರು. *"ಹರಟೆ ಹೊಡೆ,"* ಅಂತ ಶುರು ಮಾಡಿದರು ಅಮ್ಮ. *"'ಮೇಲಿನ ಮನೆಯವಳು ಹರಟೆ ಹೊಡೆಯೋಕೆ ಬಂದ್ರೆ ಮುಗೀತು, ನನ್ನ ತಲೆ ಚಿಟ್ಟು...'"*

ಮೇಲಿನ ಮನೆಯವರು ಪಕ್ಕದಲ್ಲೇ ಟವೆಲ್ ಹಿಡಿದು ನಿಂತಿದ್ದರು. ಅಮ್ಮನ ಮುಖ ಹುಳ್ಳಗಾಯಿತು. ಅವಸರದಲ್ಲಿ ಅದನ್ನು ಅಂಕಲ್ ಕೈಯಲ್ಲಿದ್ದ ಕಟ್ಟಿಗೆ ತುರುಕುವಾಗ ನಾಲ್ಕೈದು ಚೀಟಿ ಕೆಳಗೆ ಬಿದ್ದವು.

ಅಕ್ಕ ಬಗ್ಗಿ ಹೆಕ್ಕಿದಳು. ಒಂದರ ಮೇಲೆ ಕಣ್ಣು ಬಿತ್ತು.

*ಹೊಡೆ. ಎಸೆ. "ಆ ಗೂಬೆ ಬಾಗಿಲಿಗೆ ಕಲ್ಲು ಹೊಡಿಯೇ, ಹೆದರ್ಕೊಂಡು ಹೇಗೆ ಓಡಿಬರುತ್ತೆ ನೋಡೋಣ." ಹುಡುಗಿ, ಸುಮಾರು ಹತ್ತು ವರ್ಷ.*

ಅವಳ ಕಿವಿ ಬಿಸಿಯಾಯಿತು. ದುಂಡಗಿನ, ನೀಟಾದ ಅಕ್ಷರ. ಬೈಗುಳ ಇಲ್ಲ, ಏನೂ ಇಲ್ಲ. ಅವಳು ಆಡಿದ್ದನ್ನು ಆಡಿದ ಹಾಗೆಯೇ ಬರೆದಿತ್ತು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು. ಚೀಟಿಯನ್ನು ಮೆಲ್ಲಗೆ ಜೇಬಿಗೆ ತುರುಕಿದಳು.

ಈಗ ಅಲ್ಲಿ ಒಂದು ದೊಡ್ಡ ಜಗಳ ಆಗಬೇಕಿತ್ತು. ಆಗಲಿಲ್ಲ. ದೊಡ್ಡವರು ಜಾಣರು, ತಮ್ಮತಮ್ಮಲ್ಲಿ ಜಗಳ ಬರೋ ಹಾಗಿದ್ದರೆ ಮೂರನೆಯವರ ಮೇಲೆ ಬೀಳುತ್ತಾರೆ.

"ನಮ್ಮ ಮನೆ ಮಾತೆಲ್ಲ ಬರೆದು ಬೀದೀಲಿ ಬಿಸಾಡ್ತಾರೆ ಅಂದ್ರೆ ಏನರ್ಥ?" ಅಂಕಲ್ ಗುಡುಗಿದರು. "ಓನರ್‌ಗೆ ಹೇಳಿ ಈ ತಿಂಗಳೇ ಮನೆ ಖಾಲಿ ಮಾಡಿಸ್ತೀನಿ!"

ಎಲ್ಲರೂ ದಡದಡ ಇಳಿದರು. ಗೂಬೆ ಆಂಟಿ ಆಗ ತಾನೇ ತರಕಾರಿ ಚೀಲ ಹಿಡಿದು ಬಂದು ಬೀಗ ತೆಗೆಯುತ್ತಿದ್ದರು.

"ಏನ್ರೀ ಇದು?" ಅಂಕಲ್ ಕಟ್ಟನ್ನು ಮುಂದೆ ಹಿಡಿದರು.

ಆಂಟಿ ಕಟ್ಟನ್ನು ನೋಡಿದರು. "ನನ್ನ ಕೆಲಸ. ನಿಘಂಟಿನ ಕಚೇರಿಗೆ ಬರೆದು ಕಳಿಸ್ತೀನಿ. 'ಹೊಡೆ' ಅನ್ನೋ ಒಂದು ಪದಕ್ಕೆ ಎಷ್ಟು ಅರ್ಥ ಇದೆ ಅಂತ ತೋರಿಸೋಕೆ ಜನ ನಿಜವಾಗಿ ಆಡಿದ ಮಾತೇ ಬೇಕು. ನೀವೆಲ್ಲ ಮೆಟ್ಟಿಲು ಹತ್ತುವಾಗ ಕೂಗಿಕೊಂಡೇ ಹೋಗ್ತೀರಿ. ಕಿವಿ ಮುಚ್ಕೊಂಡ್ರೂ ಕೇಳುತ್ತೆ."

"ನಮ್ಮ ಮರ್ಯಾದೆ ತೆಗೀತೀರಾ?"

"ಯಾರ ಹೆಸರೂ ಬರೆದಿಲ್ಲವಲ್ಲ," ಅಂದರು ಆಂಟಿ. "ಇದು ನಂದು, ಅದು ನಂದು ಅಂತ ನೀವೇ ಹೇಳ್ಕೊಂಡ್ರೆ ನಾನೇನು ಮಾಡ್ಲಿ?"

ಉತ್ತರ ಹೊಳೆಯದಿದ್ದಾಗ ಅಂಕಲ್ ದನಿ ಏರಿಸುವುದು ರೂಢಿ. "ಬರೆದಿದ್ದು ಹಾಳಾಗ್ಲಿ, ಹೊರಗೆ ಯಾಕೆ ಎಸೆದ್ರಿ? ಈ ಮಗುಗೆ ಬಾಗಿಲ ಹತ್ರ ಸಿಕ್ಕಿದೆ!"

ಆಂಟಿ ಅಕ್ಕನನ್ನು ನೋಡಿದರು. ಅವಳ ಮೊಣಕೈ ನೋಡಿದರು. ಕಿಟಕಿ ನೋಡಿದರು. ಅಕ್ಕ ಕೈಯನ್ನು ಮತ್ತೆ ಬೆನ್ನ ಹಿಂದೆ ಸರಿಸಿದಳು.

"ಗಾಳಿಗೆ ಹಾರಿರಬೇಕು," ಅಂದರು ಆಂಟಿ. "ತಪ್ಪು ನಂದೇ."

"ಒಪ್ಕೊಂಡ್ರಲ್ಲ, ಸಾಕು!" ಅಂಕಲ್ ಫೋನ್ ತೆಗೆದರು.

ಅಕ್ಕ ಬಚಾವಾದಳು. ಇನ್ನು ಬಾಯಿ ಮುಚ್ಚಿಕೊಂಡು ನಿಂತರೆ ಆಯಿತು, ಆಂಟಿ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾರೆ. ಅವಳು ತರಚಿದ ಕೈಯನ್ನು ಮುಂದೆ ತಂದಳು.

"ಗಾಳಿ ಅಲ್ಲ," ಅಂದಳು. ದನಿ ಕೀರಲಾಗಿ ಬಂತು. "ಕಿಟಕಿ ಒಳಗೆ ಕೈ ಹಾಕಿ ನಾನೇ ತಗೊಂಡೆ. ಬಿದ್ದಿತ್ತು ಅಂದಿದ್ದು ಸುಳ್ಳು." ಜೇಬಿನಿಂದ ಚೀಟಿ ತೆಗೆದಳು. "ಇದೂ ನಂದೇ. ಕಲ್ಲಿಂದು."

ಅಮ್ಮ ತಲೆ ಚಚ್ಚಿಕೊಂಡರು. ಅಂಕಲ್ ಆದರೂ ಫೋನ್ ಇಳಿಸಲಿಲ್ಲ. ಆಗ ತಂಗಿ ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದಳು: "ಅಂಕಲ್, ಓನರ್‌ಗೆ ಗೊರಕೆ ಚೀಟಿನೂ ಓದಿ ಹೇಳ್ತೀರಾ? ಜ್ವರದ್ದು?"

ಅಂಕಲ್‌ಗೆ ಟ್ಯಾಂಕಿನ ನೆನಪಾಯಿತು. ಸೆಕ್ರೆಟರಿ ಆಂಟಿಗೆ ಬಟ್ಟೆಯ ನೆನಪಾಯಿತು. ಅಮ್ಮ, "ಕ್ಷಮಿಸಿ ಅಂತ ಹೇಳಿ ಬಾ, ಮನೇಲಿ ನೋಡ್ಕೋತೀನಿ ನಿನ್ನ," ಅಂತ ಅಕ್ಕನಿಗೆ ಹೇಳಿ ತಂಗಿಯನ್ನು ಎಳೆದುಕೊಂಡು ಹೋದರು.

ಆಂಟಿ ಅಕ್ಕನ ಕೈಯಿಂದ ಚೀಟಿ ತೆಗೆದುಕೊಂಡು ಪೆನ್ಸಿಲ್ ಹುಡುಕಿದರು. "ಎಷ್ಟು ವರ್ಷ ನಿಂಗೆ?"

"ಹತ್ತು."

ಆಂಟಿ 'ಸುಮಾರು' ಅನ್ನುವುದನ್ನು ಹೊಡೆದುಹಾಕಿದರು.

ಅಕ್ಕ ಕ್ಷಮಿಸಿ ಅನ್ನೋಕೆ ಬಾಯಿ ತೆರೆದಳು. ಬೇರೆಯೇ ಬಂತು. "ಇಷ್ಟೊಂದು ಚೀಟಿಯಲ್ಲಿ ನೀವು ಆಡಿದ್ದು ಯಾವುದು ಆಂಟಿ?"

"ಒಂದೂ ಇಲ್ಲ. ಯಾರಾದ್ರೂ ಏನಾದ್ರೂ ಕೇಳಿದ್ರೆ ತಾನೇ ನಾನು ಆಡೋದು?"

ಆಂಟಿ ಇದನ್ನು ಕೋಪದಲ್ಲೇನೂ ಹೇಳಲಿಲ್ಲ. ಒಂದು ತಿಂಗಳಿಂದ ಅಕ್ಕ ಇವರ ಮೇಲೆ ಕಣ್ಣಿಟ್ಟಿದ್ದಳು. ಇವರು ಎಷ್ಟು ಹೊತ್ತಿಗೆ ದೀಪ ಆರಿಸುತ್ತಾರೆ, ಎಷ್ಟು ಹಾಲು ತರುತ್ತಾರೆ, ಎಲ್ಲ ಗೊತ್ತಿತ್ತು.

"ಊಟ ಆಯ್ತಾ ಆಂಟಿ?" ಅಂದಳು.

ಇಡೀ ಬಿಲ್ಡಿಂಗಿಗೆ ಥಟ್ಟನೆ ಉತ್ತರ ಕೊಟ್ಟಿದ್ದ ಆಂಟಿ ತರಕಾರಿ ಚೀಲ ಕೆಳಗಿಟ್ಟರು. ಪೆನ್ಸಿಲ್ ಕೈಯಲ್ಲೇ ಇತ್ತು. ಏನೂ ಬರೆದುಕೊಳ್ಳಲಿಲ್ಲ.

"ಇನ್ನೂ ಇಲ್ಲ ಕಣಮ್ಮ," ಅಂದರು. "ನಿಂದು?"