ಅವ್ವನ ಜೋಕಾಲಿಯ ತೊಲೆ

“ಅಪ್ಪಾ, ನಿಲ್ಲಸು! ತೊಲಿ ತಿರುಗಾಕತ್ತೈತಿ!”

ದಾನೇಶ್ವರಿ ಕಿರುಚಿದಳು. ಜೋಕಾಲಿ ಮುಂದೆ ಹೋದಾಗ ತಲೆಯ ಮೇಲಿನ ಕಬ್ಬಿಣದ ತೊಲೆ ಕಿರ್ರ್ ಎಂದು ಮುಂದಕ್ಕೆ ವಾಲುತ್ತಿತ್ತು, ಹಿಂದೆ ಬಂದಾಗ ಹಿಂದಕ್ಕೆ. ಎರಡೂ ತುದಿ ಗೋಡೆಯಲ್ಲಿ ಭದ್ರವಾಗಿಯೇ ಇದ್ದವು. ನಡುಭಾಗ ಮಾತ್ರ ಹಿಂಡುವ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತಿತ್ತು. ಅಪ್ಪ ಎರಡೂ ಕೈಯಿಂದ ಹಗ್ಗ ಹಿಡಿದು ನಿಲ್ಲಿಸಿದ. ಹಗ್ಗ ಆಗಲೇ ಒಂದು ಗೇಣು ಜಾರಿತ್ತು.

“ಇಳಿ, ಇಳಿ. ಬಿದ್ದುಗಿದ್ದೀ!”

ಊರಿನಿಂದ ದೂರ, ತೆಲುಗಿನವರ ಶಹರದಲ್ಲಿ, ಮೆಹದಿಪಟ್ಟಣಂನ ಒಂದು ಗಲ್ಲಿಯಲ್ಲಿ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಅಪ್ಪ ಮೌನಪ್ಪ ಅಲ್ಲಿ ಗೌಂಡಿ, ಗೋಡೆ ಕಟ್ಟುವವನು. ಅವ್ವ ಶಿವದೇವಿ ಅಲ್ಲೇ ಇಟ್ಟಂಗಿ ಹೊರುತ್ತಾಳೆ. ತಗಡಿನ ಶೆಡ್ಡೇ ಅವರ ಮನೆ. ಶೆಡ್ಡಿನ ಹಿಂದೆ ಹಳೆಯ ಮನೆಯ ಎರಡು ಕಲ್ಲಿನ ಗೋಡೆ ಇನ್ನೂ ಎದುರುಬದುರು ನಿಂತಿದ್ದವು. ಅವುಗಳ ಮೇಲೆ ಅಪ್ಪ ಒಂದು ಚಾನೆಲ್ ಅಡ್ಡ ಇಟ್ಟು, ಬೆಣೆ ಬಡಿದು ಬಿಗಿ ಮಾಡಿದ್ದ. ಚಾನೆಲ್ ಎಂದರೆ ಒಂದು ಮಗ್ಗುಲು ತೆರೆದುಕೊಂಡ ಕಬ್ಬಿಣ. ತುದಿಯಿಂದ ನೋಡಿದರೆ ಇಂಗ್ಲಿಷಿನ ಸಿ ಅಕ್ಷರವೇ ಸರಿ.

ನಾಳೆ ನಾಗರ ಪಂಚಮಿ. ಜೋಕಾಲಿ ಇಲ್ಲದ ಪಂಚಮಿ ಒಂದು ಪಂಚಮಿಯೇ? ಊರಲ್ಲಾದರೆ ಬೇವಿನ ಟೊಂಗೆಗೆ ಕಟ್ಟುತ್ತಾರೆ. ಇಲ್ಲಿ ಬೇವಿನ ಮರ ಎಲ್ಲಿಂದ ತರುವುದು?

“ಒಂದು ಸಾಲವಲ್ದು. ಇನ್ನೊಂದು ಹಾಕೂಣು,” ಅಂದ ಅಪ್ಪ. ಅಂಥದ್ದೇ ಇನ್ನೊಂದು ಚಾನೆಲ್ ಹೊತ್ತು ತಂದ. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ತಂತಿ ಸುತ್ತಿದ. ಹಗ್ಗ ಕಟ್ಟಿ ತಾನೇ ಕೂತು ಜೀಕಿದ. ಕಿರ್ರ್! ಈ ಸಲ ಎರಡೂ ಸೇರಿ ತಿರುಚಿಕೊಂಡವು.

ಅಪ್ಪನಿಗೆ ಸಿಟ್ಟು ಬಂತು. “ಎರಡೆರಡು ಹಾಕಿದ್ರೂ ಇದರ ಹಾಡು ಇಷ್ಟ! ಇನ್ನ ದಪ್ಪ ಕಬ್ಬಿಣ ಬೇಕು. ಅದು ಇಲ್ಲಿಲ್ಲ. ಈ ವರ್ಷ ಜೋಕಾಲಿ ಬ್ಯಾಡ.”

“ಹೋಗಲಿ ಬಿಡ್ರಿ,” ಅಂದಳು ಅವ್ವ, ಶೇಂಗಾದ ಉಂಡಿ ಕಟ್ಟುತ್ತಾ. “ನನಗೇನ ಜೋಕಾಲಿ ಆಡೋ ವಯಸ್ಸ?”

ಅಷ್ಟರಲ್ಲಿ ಫೋನ್ ಬಂತು. ಗದಿಗೆಮ್ಮ ಚಿಗವ್ವ, ಅವ್ವನ ತಂಗಿ. ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರಲ್ಲ, ಹಾಗೆ ಅವಳೂ ಊರಿಗೆ ಬಂದಿದ್ದಳು. ಅವ್ವ ಮಾತ್ರ ಹೋಗದೆ ಮೂರು ವರ್ಷ. ಪ್ರತಿ ಸಲವೂ ಹಬ್ಬಕ್ಕೇ ಸ್ಲ್ಯಾಬಿನ ಕೆಲಸ ಬಂದು ಕೂರುತ್ತಿತ್ತು.

“ಅಕ್ಕಾ, ನೀ ಇಲ್ಲಂದ್ರ ಜೋಕಾಲಿ ಹತ್ತಾಕ ಮನಸ್ಸಾಗವಲ್ದು ನೋಡು,” ಅಂತ ಸ್ಪೀಕರಿನಲ್ಲಿ ಚಿಗವ್ವನ ದನಿ.

“ಹುಚ್ಚಿ! ನಮ್ಮಲ್ಲೂ ಕಟ್ಯಾರ. ಭಾಳ ಎತ್ತರ ಐತಿ. ಈಗಷ್ಟ ಆಡಿ ಬಂದೆ,” ಅಂದಳು ಅವ್ವ.

ದಾನೇಶ್ವರಿ ಬಾಯಿ ತೆರೆದು ನೋಡಿದಳು. ಸುಳ್ಳು! ಪೆನ್ಸಿಲ್ ಕಳೆದದ್ದಕ್ಕೆ ಸಣ್ಣ ಸುಳ್ಳು ಹೇಳಿದರೂ ಕಿವಿ ಹಿಂಡುವ ಅವ್ವ, ಇಷ್ಟು ದೊಡ್ಡ ಸುಳ್ಳು ಹೇಳಿದಳಲ್ಲ! ಫೋನ್ ಇಟ್ಟ ಮೇಲೆ ಅವ್ವ ತೊಳೆದಿಟ್ಟ ತಾಟನ್ನೇ ಮತ್ತೆ ತೊಳೆದಳು. ಮುಖ ಮಾತ್ರ ತಿರುಗಿಸಲಿಲ್ಲ.

ದಾನೇಶ್ವರಿ ಹೊರಗಿನ ತೊಲೆಯ ಕಡೆ ನೋಡಿದಳು. ತನ್ನ ಜೋಕಾಲಿ ಹೋದದ್ದು ಹೋಗಲಿ. ಆದರೆ ಅವ್ವನ ಸುಳ್ಳನ್ನು ನಿಜ ಮಾಡಬೇಕಿತ್ತು. ಹೇಗೆ?

ಅವಳು ಮೂಲೆಯಲ್ಲಿ ಕೂತಳು. ಕೈಗೆ ಟೂತ್‌ಪೇಸ್ಟಿನ ಖಾಲಿ ಡಬ್ಬಿ ಸಿಕ್ಕಿತು, ಆ ಉದ್ದನೆಯ ರಟ್ಟಿನ ಡಬ್ಬಿ. ಎರಡೂ ತುದಿಯ ಮುಚ್ಚಳ ಹರಿದುಹೋಗಿದ್ದವು. ಬೇಜಾರಿಗೆ ಅದರ ಎರಡೂ ತುದಿ ಹಿಡಿದು ಒದ್ದೆ ಬಟ್ಟೆಯ ಹಾಗೆ ಹಿಂಡಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಹಿಂಡಿದಳು. ಪರ್ರ್ ಎಂದು ಒಂದು ಮೂಲೆಯ ಅಂಟು ಉದ್ದಕ್ಕೂ ಬಿಟ್ಟಿತು. ಈಗ ಹಿಂಡಿದರೆ, ಅಬ್ಬಾ, ಎರಡು ಬೆರಳಿಗೇ ತಿರುಚಿಕೊಂಡಿತು!

ದಾನೇಶ್ವರಿ ನೆಟ್ಟಗೆ ಕೂತಳು. ರಟ್ಟು ಅದೇ. ದಪ್ಪವೂ ಅಷ್ಟೇ. ಬಾಯಿ ಬಿಟ್ಟಿದ್ದಕ್ಕೆ ಇಷ್ಟು ಮೆತ್ತಗಾಯಿತೇ?

ಬಿಟ್ಟ ಮೂಲೆಯನ್ನು ಕೈಯಲ್ಲೇ ಒತ್ತಿ ಹಿಡಿದು ಹಿಂಡಿದಳು. ಅಂಚು ಅಂಚಿನ ಮೇಲೆ ಜಾರಿ ಮತ್ತೆ ತಿರುಚಿಕೊಂಡಿತು. ಸ್ಕೂಲ್ ಬ್ಯಾಗಿನಿಂದ ಗಮ್ ತೆಗೆದು ಹಚ್ಚಿ, ಒಣಗುವವರೆಗೆ ಊದಿದಳು. ಊದಿ ಊದಿ ಗಲ್ಲ ನೋಯಿತು. ಆಮೇಲೆ ಹಿಂಡಿದರೆ ಮೊದಲಿನಂತೆ ಗಟ್ಟಿ!

ಹೊರಗೆ ಓಡಿ ತೊಲೆಯ ತುದಿಯನ್ನು ನೋಡಿದಳು. ಎರಡು ಚಾನೆಲ್ಲೂ ಜಗಳವಾಡಿದವರ ಹಾಗೆ ಬೆನ್ನು ತಿರುಗಿಸಿ ನಿಂತಿದ್ದವು. ಎರಡರ ಬಾಯಿಯೂ ಬಯಲಿಗೆ ತೆರೆದಿತ್ತು. ಮುಖಕ್ಕೆ ಮುಖ ಹಚ್ಚಿದರೆ? ಪೇಸ್ಟಿನ ಡಬ್ಬಿಯೇ ಆಗುತ್ತದೆ! ಆದರೆ ಕಬ್ಬಿಣಕ್ಕೆ ಗಮ್ ಯಾವುದು?

ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ಅಲ್ಲೇ ಕಬ್ಬಿಣ ಬೆಸೆಯುವ ವೆಲ್ಡರ್ ಸಾಯಿಕುಮಾರನ ಮುಂದೆ ನಿಂತಳು. ಸಾಯಿಕುಮಾರನದು ತೆಲುಗು. ಸ್ಕೂಲಿಗೆ ಹೋಗಿ ಹೋಗಿ ದಾನೇಶ್ವರಿಗೂ ತೆಲುಗು ನೀರು ಕುಡಿದಷ್ಟು ಸಲೀಸು.

“ಏಂ ಪಾಪಾ?” ಅಂದ ಅವನು, ಕಪ್ಪು ಕನ್ನಡಕ ಮೇಲೆತ್ತಿ.

ಅವಳು ಪೇಸ್ಟಿನ ಡಬ್ಬಿ ಅವನ ಕೈಗೆ ಕೊಟ್ಟು ಹಿಂಡಲು ಹೇಳಿದಳು. ಆಮೇಲೆ ಕತ್ತರಿಯಿಂದ ಒಂದು ಮೂಲೆ ಉದ್ದಕ್ಕೂ ಕತ್ತರಿಸಿ, ಮತ್ತೆ ಹಿಂಡಲು ಹೇಳಿದಳು. ಬೆನ್ನಿಗೆ ಬೆನ್ನು ನಿಂತ ಚಾನೆಲ್‌ಗಳನ್ನು ತೋರಿಸಿದಳು.

ಸಾಯಿಕುಮಾರ ಗಹಗಹಿಸಿ ನಕ್ಕ. “ಅರೇ ಮೌನಪ್ಪಾ! ನನ್ನ ಕೇಳಬಾರದಾ? ಗೇಟಿನ ಕಂಬಕ್ಕೆ ನಾವು ಮಾಡೋದೇ ಇದು, ಬಾಕ್ಸ್! ನಿನ್ನ ಮಗಳು ಪೇಸ್ಟ್ ಡಬ್ಬಿಯಲ್ಲಿ ಕಂಡುಹಿಡಿದಳು ನೋಡು,” ಅಂದ ತೆಲುಗಿನಲ್ಲೇ.

ಪಕ್ಕದಲ್ಲೇ ಗೋಡೆ ಕಟ್ಟುತ್ತಿದ್ದ ಅಪ್ಪ ತಲೆ ಕೆರೆದುಕೊಂಡ. “ನಾ ಗ್ವಾಡಿ ಕಟ್ಟಾಂವ. ಕಬ್ಬಿಣದ ಗುಟ್ಟು ನನಗೇನ ಗೊತ್ತು?”

ಆ ದಿನ ಕ್ಲಾಸಿನಲ್ಲಿ ದಾನೇಶ್ವರಿಯ ಮನಸ್ಸು ನಿಲ್ಲಲಿಲ್ಲ. ಪಕ್ಕದ ಐಶ್ವರ್ಯಾ ಎರಡು ಸಲ ಮೊಣಕೈಯಿಂದ ತಿವಿದಳು. ಮ್ಯಾಥ್ಸ್ ಟೀಚರ್ ಆಯತದ ಚಿತ್ರ ಬರೆದರೆ ಇವಳಿಗೆ ತೊಲೆಯ ತುದಿಯೇ ಕಂಡಿತು. ಲಾಂಗ್ ಬೆಲ್ ಹೊಡೆದದ್ದೇ ತಡ, ಎದ್ದೆನೋ ಬಿದ್ದೆನೋ ಎಂದು ಓಡಿದಳು.

ತೊಲೆ ಗೋಡೆಯ ಮೇಲೆ ಏರಿತ್ತು. ಅವೇ ಎರಡು ಚಾನೆಲ್, ತೂಕ ಒಂದಿಷ್ಟೂ ಹೆಚ್ಚಿಲ್ಲ, ಈಗ ಮುಖಕ್ಕೆ ಮುಖ ಕೊಟ್ಟು ಒಂದಾಗಿದ್ದವು. ಸೇರಿದ ಅಂಚಿನ ಮೇಲೂ ಕೆಳಗೂ ಉದ್ದಕ್ಕೂ ವೆಲ್ಡಿಂಗ್. ಸಾಯಿಕುಮಾರ ಊಟದ ಬಿಡುವಿನಲ್ಲಿ ಕೂತು ಮಾಡಿದ್ದ. ಅವನೂ ಅಪ್ಪನೂ ಒಬ್ಬರಾದ ಮೇಲೊಬ್ಬರು ಜೀಕಿ ನೋಡಿದರು. ತೊಲೆ ಕಿರ್ ಎನ್ನಲಿಲ್ಲ, ಕೂದಲೆಳೆಯಷ್ಟೂ ತಿರುಚಿಕೊಳ್ಳಲಿಲ್ಲ.

“ಹತ್ತು, ದಾನವ್ವಾ!” ಅಂದ ಅಪ್ಪ.

“ಮೊದಲ ಅವ್ವ,” ಅಂದಳು ದಾನೇಶ್ವರಿ.

“ಅಯ್ಯ, ನಾನಾ? ಮಂದಿ ನೋಡಿದ್ರ ನಗತಾರ!” ಅಂದಳು ಅವ್ವ. ಅನ್ನುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅನ್ನುತ್ತಲೇ ಹಲಗೆಯ ಮೇಲೆ ಕೂತಳು.

ದಾನೇಶ್ವರಿ ಹಿಂದಿನಿಂದ ತೂಗಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಅವ್ವ ಕಣ್ಣು ಮುಚ್ಚಿದ್ದಳು. ಸಿಮೆಂಟು ಹತ್ತಿದ ಬೆರಳುಗಳು ಹಗ್ಗವನ್ನು ಬಿಗಿಯಾಗಿ ಹಿಡಿದಿದ್ದವು. ಜೋಕಾಲಿ ಗೋಡೆಯ ಎತ್ತರಕ್ಕೆ ಏರಿತು, ಇಳಿಯಿತು, ಮತ್ತೆ ಏರಿತು.

ಇದ್ದಕ್ಕಿದ್ದಂತೆ ಅವ್ವ ಚಿಕ್ಕ ಹುಡುಗಿಯ ಹಾಗೆ ನಕ್ಕು ಕೂಗಿದಳು, “ಇನ್ನೂ ಜೋರ ತೂಗ, ಗದಿಗೆಮ್ಮಾ!”

ಅಪ್ಪ ಏನೋ ಹೇಳಲು ಬಾಯಿ ತೆರೆದ. ದಾನೇಶ್ವರಿ ಬೇಡವೆಂದು ಅವನ ಕಡೆ ತಲೆ ಆಡಿಸಿದಳು. ಹಿಂದಕ್ಕೆ ಬಂದ ಹಲಗೆಗೆ ಎರಡೂ ಕೈ ಕೊಟ್ಟಳು.

“ಗಟ್ಟಿ ಹಿಡ್ಕೋ, ಅಕ್ಕಾ,” ಅಂದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ತೂಗಿದಳು.